ಇಬ್ಬರು ಓಪನರ್‌ಗಳ ಕಂಪ್ಯಾರಿಟಿವ್ ಸ್ಟೇಟ್‌ಮೆಂಟ್

ಟಿವಿಯಲ್ಲಿ ಬ್ಯಾಟಿನ ಅಂಚಿಗೆ ಚೆಂಡು ತಾಗಿದ ಸದ್ದು ಕೇಳಿದರೆ ಈಗಲೂ ನನ್ನ ಬಲಗೈ ಪೆನ್ಸಿಲ್ ಹುಡುಕುತ್ತದೆ. ಎಪ್ಪತ್ತು ದಾಟಿದರೂ ಈ ಚಾಳಿ ಹೋಗಿಲ್ಲ. ಮೊನ್ನೆ ಯಾದಗಿರಿಯಲ್ಲಿ ಸ್ಕೋರಿಂಗ್ ಕಲಿಯಲು ಬಂದ ಹುಡುಗಿಯರ ಮುಂದೆ ನಾಲ್ಕು ಮಾತಾಡಿ ಎಂದು ನನ್ನನ್ನು ಕರೆದಿದ್ದರು. ಎಲ್ಲರ ಕೈಯಲ್ಲೂ ಫೋನ್. ಬೆರಳಿನಿಂದ ಒತ್ತಿದರೆ ಆವರೇಜು, ಸ್ಟ್ರೈಕ್ ರೇಟು ಎಲ್ಲ ತಾನಾಗಿ ಬರುತ್ತದೆ. ಅವರಲ್ಲೊಬ್ಬಳು ಎದ್ದು ಕೇಳಿದಳು: "ಮೇಡಂ, ನೀವು ಇಷ್ಟು ವರ್ಷ ನೋಡೀರಿ. ಹಳೇ ಕಾಲದ ಓಪನರ್ ದೊಡ್ಡಾವರೋ, ಈಗಿನವರೋ? ಒಂದ ಮಾತಿನ್ಯಾಗ ಹೇಳ್ರಿ."

ನನಗೆ ಒಂದು ಮಾತಿನಲ್ಲಿ ಹೇಳಲಾಗಲಿಲ್ಲ. ಈ ಪ್ರಶ್ನೆಗೆ ನಾನು ಒಮ್ಮೆ ಸರಕಾರಿ ಕಾಗದದ ಮೇಲೆ, ಮೂರು ಕಾರ್ಬನ್ ಪ್ರತಿಗಳ ಸಮೇತ ಉತ್ತರ ಕೊಡಬೇಕಾಗಿ ಬಂದಿತ್ತು. ಆ ಉತ್ತರದ ಮೇಲೆ ಒಬ್ಬ ಮನುಷ್ಯನ ನೌಕರಿ ನಿಂತಿತ್ತು. ಆ ಹುಡುಗಿಗೆ ಅಂದು ಹೇಳದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಓದಿದ್ದು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ. ಅಪ್ಪ ಯಾದಗಿರಿ ಸ್ಟೇಶನ್ನಿಗೆ ವರ್ಗವಾಗಿ ಬಂದಾಗ ನನಗೆ ಇಪ್ಪತ್ತೆರಡು. ಶಹಾಪುರದ ಹತ್ತಿರದ ಕಾಲುವೆ ಕ್ಯಾಂಪಿನ ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಆಗ ಕಾಲುವೆ ಇನ್ನೂ ನಕ್ಷೆಯಲ್ಲೇ ಹೆಚ್ಚು, ನೆಲದ ಮೇಲೆ ಕಡಿಮೆ. ಕ್ಯಾಂಪಿಗೊಂದು ಕ್ರಿಕೆಟ್ ಟೀಮ್ ಇತ್ತು. ಇಂಗ್ಲಿಷ್ ಬರುತ್ತದೆ, ಅಕ್ಷರ ಚೆನ್ನಾಗಿದೆ, ಹುಡುಗಿಯಾದ್ದರಿಂದ ಹೊಡೆದಾಟಕ್ಕೆ ಹೋಗುವುದಿಲ್ಲ ಎಂಬ ಮೂರು ಕ್ವಾಲಿಫಿಕೇಶನ್ ಮೇಲೆ ನನ್ನನ್ನು ಸ್ಕೋರರ್ ಮಾಡಿದರು. ಎಲ್‌ಬಿಡಬ್ಲ್ಯೂ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಮಾರ್ಜಿನ್ ಬಿಟ್ಟು ಬರೆಯುವುದು ಮಾತ್ರ ಗೊತ್ತಿತ್ತು, ಅದನ್ನು ಸಿಸ್ಟರ್ಸ್ ಕೈ ಮೇಲೆ ಫುಟ್‌ರೂಲರ್ ಇಟ್ಟು ಕಲಿಸಿದ್ದರು.

ಮೊದಲ ಮ್ಯಾಚಿನಲ್ಲೇ ಬ್ಲಂಡರ್. ನಮ್ಮ ಟೀಮಿನ ಓಪನರ್ ಖಾಜಾಸಾಬ್, ಕಚೇರಿಯ ಸ್ಟೋರಿನಲ್ಲಿ ದಿನಗೂಲಿ. ಆತ ಹೊಡೆದ ನಾಲ್ಕು ರನ್ನನ್ನು ಆತನ ಜೋಡಿಯ ಹೆಸರಿಗೆ ಬರೆದುಬಿಟ್ಟೆ, ಇಬ್ಬರದೂ ಒಂದೇ ಬಿಳಿ ಟೋಪಿ. ಪಕ್ಕದಲ್ಲಿ ಸುರಪುರ ಟೀಮಿನ ಸ್ಕೋರರ್ ವೆಂಕಟರಾವ್ ಮಾಸ್ತರರು ಕೂತಿದ್ದರು, ಸಾಲೆಯಲ್ಲಿ ಡ್ರಿಲ್ ಕಲಿಸುವವರು. ಓವರ್ ಮುಗಿದೊಡನೆ ಇಬ್ಬರೂ ಲೆಕ್ಕ ತಾಳೆ ನೋಡಬೇಕೆಂಬುದು ನಿಯಮ. ಮಾಸ್ತರರು ನನ್ನ ಪುಸ್ತಕ ಇಣುಕಿ ಗುಡುಗಿದರು.

"ಏನವ್ವಾ ಇದು! ಅವನ ಮಗನ್ನ ತಂದು ಇವನ ತೊಡಿ ಮ್ಯಾಲ ಕುಂದರಿಸೀದಿ?"

ನನಗೆ ಅಳು ಬಂತು. ಸಂಜೆ ಖಾಜಾಸಾಬ್ ತಾನೇ ಮೇಜಿನ ಹತ್ತಿರ ಬಂದು ನಕ್ಕ. "ಬೇಟಿ, ಟೋಪಿ ನೋಡಬ್ಯಾಡ, ಕಾಲು ನೋಡು. ನಾ ಓಡೂವಾಗ ಎಡಗಾಲು ಎಳೀತೀನಿ. ಜಗತ್ತಿನ್ಯಾಗ ಇಬ್ಬರು ಒಂದೇ ನಮೂನಿ ಓಡಂಗಿಲ್ಲ."

ಅಂದಿನಿಂದ ನಾನು ಕಾಲು ನೋಡಿ ಬರೆದೆ. ಮಾಸ್ತರರು ಎರಡು ಕಟ್ಟಳೆ ಹಾಕಿಕೊಟ್ಟರು. ಚೆಂಡು ಆಟದಲ್ಲಿರುವಾಗ ಸ್ಕೋರರ್ ಮೇಜು ಬಿಟ್ಟು ಏಳಕೂಡದು. ಅಂಪೈರ್ ಕೈ ಮಾಡಿ ತೋರಿಸಿದ್ದನ್ನಷ್ಟೇ ಬರೆಯಬೇಕು. ತನ್ನ ಕಣ್ಣಿಗೆ ಕಂಡದ್ದನ್ನಲ್ಲ. ಎರಡನೆಯದು ನನಗೆ ತೀರಾ ವಿಚಿತ್ರವಾಗಿ ಕಂಡಿತ್ತು. ಕಣ್ಣಿದ್ದೂ ಕಾಣದ ಹಾಗೆ ಕೂರುವುದು ಎಷ್ಟು ಕಷ್ಟವೆಂದು ತಿಳಿಯಲು ಹತ್ತು ವರ್ಷ ಬೇಕಾಯಿತು.

ಖಾಜಾಸಾಬನ ಕಾಲದ ಮೈದಾನ ನೀವು ಯಾರೂ ನೋಡಿಲ್ಲ. ಹುಲ್ಲೆಂಬುದೇ ಇಲ್ಲ. ಗಟ್ಟಿ ಮೊರಂ, ಅಂದರೆ ಕೆಂಪು ಗರಸು ಮಣ್ಣು, ನಡುವೆ ಮ್ಯಾಟು, ಸುತ್ತ ಸುಣ್ಣ ಬಳಿದ ಕಲ್ಲು. ಬ್ಯಾಟಿಗೆ ತಾಗಿದ ಚೆಂಡು ಯಾರೋ ಬೆನ್ನಟ್ಟಿದ ಹಾಗೆ ಓಡುತ್ತಿತ್ತು. ಆದರೆ ಅದೇ ಮೊರಂ ಮೇಲೆ ಬಿದ್ದ ಚೆಂಡು ಎದೆಗೂ ಏಳುತ್ತಿತ್ತು. ಹೆಲ್ಮೆಟ್ ಇಲ್ಲ, ತೊಡೆಗೆ ಪ್ಯಾಡ್ ಇಲ್ಲ. ಉರ್ದು ಪೇಪರನ್ನು ಎಂಟು ಮಡಿಕೆ ಮಾಡಿ ಪ್ಯಾಂಟಿನೊಳಗೆ ತುರುಕಿಕೊಂಡು ಆತ ಹೋಗುತ್ತಿದ್ದ. "ಇವತ್ತಿನ ಖಬರೆಲ್ಲಾ ನನ್ನ ತೊಡೀಗೆ ಛಾಪಾ ಆಗ್ಯಾವ" ಎನ್ನುತ್ತಿದ್ದ. ಆ ಆಟದ ಮೇಲೆಯೇ ಆತನಿಗೆ ಕ್ರೀಡಾ ಕೋಟಾದಲ್ಲಿ ಖಾಯಂ ನೌಕರಿ ಸಿಕ್ಕಿತು. ಸ್ಟೋರ್‌ಕೀಪರ್ ಆದ. ಕಬ್ಬಿಣದ ಕಡ್ಡಿ, ಸಿಮೆಂಟು, ಗೇಟಿನ ಗ್ರೀಸು ಎಲ್ಲ ಆತನ ಸುಪರ್ದಿಗೆ ಬಂತು. ಆತನ ಆವರೇಜು ನನ್ನ ಪುಸ್ತಕದಲ್ಲಿ ಉಳಿಯಿತು.

ಆಮೇಲೆ ನೀರು ಬಂತು. ಮೈದಾನದ ಪೂರ್ವಕ್ಕೆ ಎತ್ತರದ ಏರಿ, ಏರಿಯ ಆಚೆ ಮರಿ ಕಾಲುವೆ. ಬಸಿ ನೀರಿಗೆ ಮೈದಾನ ಮೆತ್ತಗಾಯಿತು, ಹುಲ್ಲು ಬೆಳೆಯಿತು. ಮ್ಯಾಟು ಹೋಗಿ ಟರ್ಫ್ ಆಯಿತು. ಮೊದಲು ಕಲ್ಲು ದಾಟುತ್ತಿದ್ದ ಹೊಡೆತ ಈಗ ಅರ್ಧ ದಾರಿಯಲ್ಲಿ ಹುಲ್ಲಿನಲ್ಲಿ ಕೂತುಬಿಡುತ್ತಿತ್ತು. ಜೊತೆಗೆ ನಮ್ಮದೇ ಒಂದು ಲೋಕಲ್ ರೂಲ್ ಹುಟ್ಟಿತು. ಕಾಲುವೆಯಲ್ಲಿ ನೀರಿರುವ ದಿನ ಚೆಂಡು ಏರಿ ದಾಟಿ ಒಳಗೆ ಬಿದ್ದರೆ ನಾಲ್ಕು ರನ್ನು. ಕಾಲುವೆ ಬಂದ್ ಇರುವ ದಿನ ಫೀಲ್ಡರ್ ಒಳಗಿಳಿದು ಚೆಂಡು ಎತ್ತಿ ಎಸೆಯಬೇಕು, ಬ್ಯಾಟ್ಸ್‌ಮನ್ ಓಡಿದಷ್ಟೇ ರನ್ನು. ಪಿಚ್ಚಿನಿಂದ ನೋಡಿದರೆ ಏರಿಯ ಆಚೆ ಏನೂ ಕಾಣುವುದಿಲ್ಲ. ಹಾಗಾಗಿ ಟಾಸಿನ ಹೊತ್ತಿಗೆ ಅಂಪೈರ್ ಕಚೇರಿಯ ವಾರಾಬಂದಿ ನೋಟಿಸು ನೋಡಿ, ಅಂದರೆ ಯಾವ ದಿನ ಯಾವ ಕಾಲುವೆಗೆ ನೀರು ಎಂಬ ಪಟ್ಟಿ ನೋಡಿ, "ಇವತ್ತು ನೀರು" ಅಥವಾ "ಇವತ್ತು ಬಂದ್" ಎಂದು ಸಾರುತ್ತಿದ್ದ. ಆ ನೋಟಿಸು ಟೈಪ್ ಮಾಡುತ್ತಿದ್ದವಳು ನಾನೇ.

ಈ ಮೆತ್ತನೆಯ ಮೈದಾನದ ಓಪನರ್ ಮಾನಪ್ಪ. ಬೋನಾಳದವನು, ಕೆರೆ ದಂಡೆಯಲ್ಲಿ ಬೆಳೆದವನು. ಕಾಲುವೆಯ ಗೇಟು ಎತ್ತಿ ಇಳಿಸುವ ದಿನಗೂಲಿ ಕೆಲಸ ಅವನದು. ಗೇಟಿನ ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡೇ ಬ್ಯಾಟಿಂಗಿಗೆ ಹೋಗುತ್ತಿದ್ದ, ಓಡುವಾಗ ಕಿಣಿಕಿಣಿ ಎನ್ನುತ್ತಿತ್ತು. ಅವನ ಕಾಲು ನೋಡುವ ಅಗತ್ಯವೇ ನನಗೆ ಬೀಳಲಿಲ್ಲ. ಖಾಜಾಸಾಬ್ ಹೊಸ ಚೆಂಡನ್ನು ಹೊಡೆದು ಹೆದರಿಸಿದರೆ ಮಾನಪ್ಪ ಅದನ್ನು ಬಿಟ್ಟು ಬಿಟ್ಟು ಬೇಸರ ಬರಿಸುತ್ತಿದ್ದ. ಅವನು ಹತ್ತು ಓವರ್ ನಿಂತರೆ ಚೆಂಡಿನ ಹೊಳಪು ಹೋಗಿ, ಆಮೇಲೆ ಬಂದವರೆಲ್ಲ ರನ್ ಮಾಡುತ್ತಿದ್ದರು. ಆ ರನ್ನು ಅವನ ಹೆಸರಿಗೆ ಎಲ್ಲಿ ಬರೆಯಲಿ? ಪುಸ್ತಕದಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ.

ಆ ವರ್ಷ ಮತ್ತೆ ಒಂದು ಕ್ರೀಡಾ ಕೋಟಾದ ಹುದ್ದೆ ಬಂತು. ನಮ್ಮ ಸಾಹೇಬರು ಮೈಸೂರು ಕಡೆಯವರು, ಸಜ್ಜನರು, ಆದರೆ ಎಲ್ಲವನ್ನೂ ಟೆಂಡರಿನ ಹಾಗೆ ನೋಡುವವರು. ನನ್ನನ್ನು ಚೇಂಬರಿಗೆ ಕರೆದರು.

"ನೋಡಿ ಮೇಡಂ, ಹಿಂದೆ ಖಾಜಾಸಾಬ್‌ಗೆ ಪೋಸ್ಟ್ ಕೊಟ್ಟಿದ್ದೀವಿ. ಅದೇ ನಮ್ಮ ಪ್ರಿಸಿಡೆಂಟ್, ಅದೇ ಅಳತೆಗೋಲು. ಮಾನಪ್ಪ ಅವರಿಗಿಂತ ಮೇಲಿದ್ದರೆ ರೆಕಮೆಂಡ್ ಮಾಡ್ತೀನಿ. ಇಲ್ಲದಿದ್ದರೆ ಹೆಡ್ಡಾಫೀಸಿನವರು ಅವರ ವಾಲಿಬಾಲ್ ಕ್ಯಾಂಡಿಡೇಟನ್ನ ತುರುಕ್ತಾರೆ. ನೀವೊಂದು ಕಂಪ್ಯಾರಿಟಿವ್ ಸ್ಟೇಟ್‌ಮೆಂಟ್ ಮಾಡಿ ಕೊಡಿ. ಇಬ್ಬರ ಆವರೇಜು, ಲಾಸ್ಟ್ ಕಾಲಮ್ ರಿಮಾರ್ಕ್ಸ್."

"ಸರ್, ದಿ ಕಂಡೀಶನ್ಸ್ ವರ್ ಡಿಫರೆಂಟ್…"

"ಅದೆಲ್ಲಾ ರಿಮಾರ್ಕ್ಸ್‌ನಲ್ಲಿ ಹಾಕಿ."

ಮೂರು ದಿನ ಕೂತು ಹಳೆ ಪುಸ್ತಕ ತೆಗೆದು ಕೂಡಿಸಿದೆ. ಮಾನಪ್ಪ ಹಿಂದಿದ್ದ. ಉಳಿದದ್ದು ಸೀಸನ್ನಿನ ಕೊನೆಯ ಒಂದೇ ಮ್ಯಾಚು, ಸುರಪುರದ ಮೇಲೆ. ಅದರಲ್ಲಿ ಅವನು ಔಟಾದರೂ ಸರಿ, ನಲವತ್ತೊಂದು ಮಾಡಿದರೆ ಖಾಜಾಸಾಬನ ಆವರೇಜು ದಾಟುತ್ತಾನೆ. ನಲವತ್ತಕ್ಕೆ ದಾಟುವುದಿಲ್ಲ. ಲೆಕ್ಕವನ್ನು ನಾಲ್ಕು ಸಲ ಮಾಡಿದೆ, ನಾಲ್ಕು ಸಲವೂ ಅದೇ ಬಂತು. ಇದನ್ನು ಯಾರಿಗೂ ಹೇಳಬಾರದಿತ್ತು. ಖಾಜಾಸಾಬನಿಗೆ ಹೇಳಿಬಿಟ್ಟೆ. ಖಾಜಾಸಾಬನಿಗೆ ಹೇಳಿದರೆ ಶಹಾಪುರದ ಬಸ್‌ಸ್ಟ್ಯಾಂಡಿಗೆ ಹೇಳಿದ ಹಾಗೆ.

ಮ್ಯಾಚಿನ ದಿನ ಬಂತು. ಕಾಲುವೆ ಬಂದ್ ದಿನ ಅದು. ನಾನೇ ಟೈಪ್ ಮಾಡಿದ್ದೆ. ಅಂಪೈರ್ ಟಾಸಿನಲ್ಲಿ "ಇವತ್ತು ಬಂದ್" ಎಂದು ಸಾರಿದ. ಏರಿಯ ಬುಡದ ಬೇವಿನ ಕೆಳಗೆ ನಮ್ಮ ಮೇಜು. ಮಾಸ್ತರರು ಕನ್ನಡಕ ಒರೆಸಿಕೊಳ್ಳುತ್ತಾ ನನ್ನನ್ನು ನೋಡಿದರು.

"ಯಾಕ, ಜ್ವರಾ ಬಂದಾವೇನ? ತಾರೀಖು ಎರಡ ಸಲ ಬರದೀದಿ."

"ಏನಿಲ್ಲ ಸರ್."

"ನಲವತ್ತೊಂದರ ಕಥಿ ನಮ್ಮ ಟೀಮಿಗೂ ಗೊತ್ತೈತಿ. ಆದ್ರ ನಮ್ಮ ಬೌಲರಗೋಳು ಅವಂಗ ನೌಕರಿ ಕೊಡಸಾಕ ಬಂದಿಲ್ಲ. ಸುಮ್ನ ಬರೀ."

ಮಾನಪ್ಪ ಅಂದು ನಿಧಾನ ಆಡಿದ. ಹತ್ತು, ಹದಿನೆಂಟು, ಇಪ್ಪತ್ತಾರು. ನೀವು ನಂಬಲಿಕ್ಕಿಲ್ಲ, ಆ ಹೊತ್ತಿನಲ್ಲಿ ನಾನು ಟೋಟಲ್ ನೋಡುತ್ತಲೇ ಇರಲಿಲ್ಲ, ಕೀಲಿಯ ಸದ್ದು ಎಣಿಸುತ್ತಿದ್ದೆ. ಮೂವತ್ತೇಳಕ್ಕೆ ಬಂದು ನಿಂತ. ಆಗ ಒಂದು ಶಾರ್ಟ್ ಬಾಲ್ ಬಿತ್ತು. ಮಾನಪ್ಪ ಹಿಂಗಾಲಿನ ಮೇಲೆ ಕೂತು ಎಳೆದ. ಚೆಂಡು ನಮ್ಮ ತಲೆಯ ಮೇಲೆಯೇ ಹಾದು ಏರಿ ದಾಟಿತು. ಫೀಲ್ಡರ್ ಏರಿ ಹತ್ತಿ ಮರೆಯಾದ. ಇವರು ಎರಡು ಓಡಿದರು. ಮೂರನೆಯದಕ್ಕೆ ಜೋಡಿಯವನು ಹೊರಟರೆ ಮಾನಪ್ಪ ಕೈ ಎತ್ತಿ ನಿಲ್ಲಿಸಿದ. ಚೆಂಡು ಬಂತು. ಅಂಪೈರ್ ಏನೂ ಕೈ ಮಾಡಲಿಲ್ಲ, ಅಂದರೆ ಓಡಿದ ಎರಡೇ ರನ್ನು. ಮೂವತ್ತೊಂಬತ್ತು ಎಂದು ಬರೆದೆ.

ಫೀಲ್ಡರ್ ನಮ್ಮ ಮುಂದೆಯೇ ಇಳಿದು ಹೋದ. ಅವನ ಬಿಳಿ ಪ್ಯಾಂಟು ಮೊಣಕಾಲಿನ ತನಕ ಒದ್ದೆ. ಅತ್ತ ಬೌಲರ್ ಚೆಂಡನ್ನು ಒಂದು ಸಲ ಒರೆಸಿದ, ಎರಡು ಸಲ ಒರೆಸಿದ, ಅಂಪೈರಿನ ಕಡೆ ಬೆನ್ನು ಮಾಡಿ ಮತ್ತೂ ಒಂದು ಸಲ ಒರೆಸಿದ.

ಬಂದ್ ಇರುವ ಕಾಲುವೆಯಲ್ಲಿ ಮೊಣಕಾಲುದ್ದ ನೀರು ಎಲ್ಲಿಂದ ಬಂತು?

ನಾನು ಎದ್ದೆ. ಹತ್ತು ವರ್ಷದಲ್ಲಿ ಮೊದಲ ಸಲ, ಚೆಂಡು ಆಟದಲ್ಲಿರುವಾಗ ಮೇಜು ಬಿಟ್ಟು ಎದ್ದೆ. "ಏ ಹುಡುಗೀ! ಎಲ್ಲಿಗೆ ಹೊಂಟಿ?" ಎಂದು ಮಾಸ್ತರರು ಕೂಗಿದ್ದು ಕೇಳಿಸಿತು. ಸೀರೆ ಎತ್ತಿ ಹಿಡಿದು ಏರಿ ಹತ್ತಿದೆ. ಕೆಳಗೆ ಕೆಂಪು ನೀರು, ಕಡ್ಡಿ ಕಸ ಹೊತ್ತುಕೊಂಡು ಹಾಯಾಗಿ ಹರಿಯುತ್ತಿತ್ತು. ನಮ್ಮ ರೂಲಿನ ಪ್ರಕಾರ ನಾಲ್ಕು. ನಲವತ್ತೊಂದು! ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ. ಇಳಿದು ಬರುವಷ್ಟರಲ್ಲಿ ಮೈದಾನದಲ್ಲಿ ಸುರಪುರದವರು ಕುಣಿಯುತ್ತಿದ್ದರು. ಒದ್ದೆ ಚೆಂಡು ಜಾರಿ ಕೆಳಗೇ ಬಂದು ಮಾನಪ್ಪನ ಮಿಡಲ್ ಸ್ಟಂಪು ಕಿತ್ತಿತ್ತು.

"ಬೌಲ್ಡ್" ಎಂದರು ಮಾಸ್ತರರು, ತಲೆ ಎತ್ತದೆ. "ಮೂವತ್ತೊಂಬತ್ತು. ನನ್ನ ಪುಸ್ತಕ ನೋಡಿ ಬರಕೋ. ನೀ ನೋಡಿಲ್ಲ."

"ಸರ್, ಕಾಲುವ್ಯಾಗ ನೀರದಾವ. ಅದು ಎರಡಲ್ಲ, ನಾಲ್ಕು."

ಮಾಸ್ತರರ ಪೆನ್ಸಿಲ್ ನಿಂತಿತು. ಆಮೇಲೆ ಮೆಲ್ಲಗೆ, ಗುಡುಗದೆ, "ಅಂಪೈರಗ ಹೋಗಿ ಹೇಳು. ಅವ ಬದಲಿ ಮಾಡಿದ್ರ ನಾನೂ ಮಾಡ್ತೀನಿ" ಎಂದರು. ಅಂಥಾ ಮನುಷ್ಯ.

ನಾನು ಅಂಪೈರಿನ ಕಡೆ ಹೊರಟೆ. ಎದುರಿಗೆ ಮಾನಪ್ಪ ಬ್ಯಾಟು ಎಳೆಯುತ್ತಾ ಬರುತ್ತಿದ್ದ.

"ಎಲ್ಲಿಗ್ರಿ ಅಕ್ಕಾರ?"

"ನೀರು ಹರೀತಾ ಇದೆ ಮಾನಪ್ಪ! ನಾನು ನೋಡಿದೆ. ನಿಂದು ನಲವತ್ತೊಂದು. ಇಟ್ಸ್ ಯುವರ್ಸ್!"

ಅವನ ಮುಖ ಅರಳಲಿಲ್ಲ. ಸುತ್ತ ನೋಡಿದ. ಶಾಮಿಯಾನದ ಕೆಳಗೆ ಸಾಹೇಬರು ಸೋಡಾ ಕುಡಿಯುತ್ತಾ ಕೂತಿದ್ದರು.

"ನೀರಿಲ್ರಿ ಅಕ್ಕಾರ" ಎಂದ. "ಇವತ್ತ ಬಂದ್ ಅದ."

"ನಾನು ಕಣ್ಣಾರೆ…"

"ಬಂದ್ ಅದ ರೀ. ನೀವ ಟೈಪ್ ಮಾಡೀರಿ." ಅವನ ಕೈ ಉಡದಾರದ ಕೀಲಿಯ ಮೇಲಿತ್ತು.

ಆಗ ನನ್ನ ಮಂದ ತಲೆಗೆ ಹೊಳೆಯಿತು. ಆ ಗೇಟಿನ ಕೀಲಿ ಇರುವುದು ಒಬ್ಬನ ಹತ್ತಿರ. ಬಂದ್ ದಿನ ಗೇಟು ಎತ್ತಿದವನನ್ನು ಆವತ್ತೇ ಮನೆಗೆ ಕಳಿಸುತ್ತಿದ್ದರು. ಎನ್‌ಕ್ವಾಯರಿ ಇಲ್ಲ, ನೋಟಿಸಿಲ್ಲ. ನಾನು ಅಂಪೈರಿಗೆ ನೀರಿದೆ ಎಂದು ಹೇಳಿದರೆ ಪುಸ್ತಕದಲ್ಲಿ ಎರಡು ರನ್ನು ಹೆಚ್ಚುತ್ತದೆ. ಸಾಹೇಬರು ಸೋಡಾ ಕೆಳಗಿಟ್ಟು "ಇವತ್ತು ನೀರು ಹೇಗೆ ಬಂತು?" ಎಂದು ಕೇಳುತ್ತಾರೆ. ಖಾಯಂ ನೌಕರಿ ತಂದುಕೊಡುವ ಎರಡು ರನ್ನೇ ಇದ್ದ ಕೂಲಿಯನ್ನೂ ಕಸಿಯುತ್ತದೆ. ಮೂರನೆಯ ರನ್ನಿಗೆ ಅವನು ಯಾಕೆ ಕೈ ಎತ್ತಿದ ಎಂಬುದೂ ಆಗಲೇ ತಿಳಿಯಿತು. ಮೂರನೆಯದನ್ನೂ ಓಡಿದ್ದರೆ, ಫೀಲ್ಡರ್ ಇಷ್ಟು ಹೊತ್ತು ಅಲ್ಲೇನು ಮಾಡುತ್ತಿದ್ದಾನೆಂದು ಯಾರಾದರೂ ಏರಿ ಹತ್ತಿ ನೋಡುತ್ತಿದ್ದರು.

ಮೇಜಿಗೆ ಮರಳಿದೆ. ಮಾಸ್ತರರು ನೋಡಿದರು. "ಬದಲಿ ಇಲ್ಲ ಸರ್" ಎಂದೆ. ಅವರು ಮುಂದಿನ ಬ್ಯಾಟ್ಸ್‌ಮನ್ನಿನ ಹೆಸರು ಬರೆದರು. ಸಂಜೆ ಇಬ್ಬರ ಪುಸ್ತಕಕ್ಕೂ ಅಂಪೈರ್ ಸಹಿ ಹಾಕಿದ.

ಸೋಮವಾರ ಸ್ಟೋರ್ ರೂಮಿನಲ್ಲಿ, ಗ್ರೀಸ್ ಡಬ್ಬಿಗಳ ನಡುವೆ, ಮಾನಪ್ಪ ಖಾಜಾಸಾಬನ ಮತ್ತು ನನ್ನ ಮುಂದೆ ಬಾಯಿಬಿಟ್ಟ. ಕಾಲುವೆಯ ತುದಿಯಲ್ಲಿ, ಕಚೇರಿಯಲ್ಲಿ ಅದಕ್ಕೆ ಟೇಲ್ ಎನ್ನುತ್ತಿದ್ದೆವು, ಅಲ್ಲಿ ಮೂರು ಮನೆ. ಅವರ ಪಾಳಿಯ ನೀರನ್ನು ಪ್ರತಿ ವಾರ ಮೇಲಿನ ದೊಡ್ಡ ಹೊಲದವರೇ ಎಳೆದುಕೊಳ್ಳುತ್ತಿದ್ದರು. ಮೆಣಸಿನ ಸಸಿ ಹಚ್ಚಿ ಕೂತಿದ್ದ ತಿಪ್ಪವ್ವ ಎಂಬ ಮುದುಕಿ ಬಂದು ಗೇಟಿನ ಮುಂದೆ ಕೂತುಬಿಟ್ಟಿದ್ದಳಂತೆ.

"ಬಂದ್ ದಿನ ಮ್ಯಾಲಿನವರು ಕಾಯಂಗಿಲ್ರಿ. ಅದಕ್ಕ ನಸುಕಿನ್ಯಾಗ ಎತ್ತಿದೆ. ಮ್ಯಾಚ್ ಸುರು ಆಗೂದರಾಗ ಹರದು ಹೋಗ್ತಾವ ಅಂದಕೊಂಡಿದ್ದೆ."

"ಲೇ ಹುಚಪ್ಯಾಲಿ!" ಖಾಜಾಸಾಬ್ ಹಣೆ ಚಚ್ಚಿಕೊಂಡ. "ವರ್ಷಕ್ಕ ಮುನ್ನೂರಾ ಅರವತ್ತೈದು ದಿನ ಅದಾವ. ನಿನಗ ಇದೊಂದ ದಿನ ಸಿಕ್ತೇನ್?"

"ಸಸಿಗೆ ಮ್ಯಾಚ್ ಯಾವಾಗ ಅಂತ ಗೊತ್ತಿರತೈತೇನ್ರಿ ಚಾಚಾ?"

ಖಾಜಾಸಾಬ್ ನನ್ನ ಕಡೆ ತಿರುಗಿದ. "ಬೇಟಿ, ಒಂದು ಕೆಲಸ ಮಾಡು. ನನ್ನ ರನ್ ಕಮ್ಮಿ ಮಾಡು. ಆ ಗುರುಮಿಟ್ಕಲ್ ಮ್ಯಾಚಿನ್ಯಾಗ ಹೊಡದಿದ್ನಲ್ಲ, ಅದರಾಗ ಇಪ್ಪತ್ತು ನನ್ನ ಜೋಡಿಗೆ ಬರಿ. ಮೊದಲ ಮ್ಯಾಚಿನ್ಯಾಗ ಮಾಡಿದ್ದಿಯಲ್ಲಾ, ಹಂಗ. ನನಗ ನೌಕರಿ ಆಗ್ಯಾದ, ಅದನ್ನ ಯಾರು ವಾಪಸ್ ತಕ್ಕೋತಾರ?"

ತಮಾಷೆ ಎಂದುಕೊಂಡೆ. ಅಲ್ಲ. ಕಣ್ಣು ತೇವವಾಗಿತ್ತು. ಒಬ್ಬ ಓಪನರ್ ತನ್ನ ರನ್ನನ್ನು ಅಳಿಸು ಎಂದು ಬೇಡಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು. ಆಗುವುದಿಲ್ಲ ಎಂದೆ. ಸಹಿಯಾದ ಪುಸ್ತಕ, ಚಾಚಾ. ಆತ ಬೈದ. ಕಾನ್ವೆಂಟಿನಲ್ಲಿ ಅಕ್ಷರ ಕಲಿಸಿದರು, ಅಂತಃಕರಣ ಕಲಿಸಲಿಲ್ಲ ಎಂದು ಉರ್ದುವಿನಲ್ಲಿ ಹೇಳಿದ. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ. ಒಂದು ಸುಳ್ಳನ್ನು, ನೀರಿಲ್ಲ ಎಂಬುದನ್ನು, ನಾನು ಆಗಲೇ ಬರೆದಾಗಿತ್ತು. ಇನ್ನೊಂದಕ್ಕೆ ಯಾಕೆ ಕೈ ಬರಲಿಲ್ಲ? ಐ ಡೋಂಟ್ ನೋ. ಟು ಬಿ ಫ್ರಾಂಕ್, ಹೆದರಿದ್ದೆ.

ಆ ಮಧ್ಯಾಹ್ನ ಸ್ಟೇಟ್‌ಮೆಂಟ್ ಟೈಪ್ ಮಾಡಿದೆ. ಇನ್ನಿಂಗ್ಸ್, ರನ್ನು, ಆವರೇಜು. ಮಾನಪ್ಪನದು ಕೂದಲೆಳೆಯಷ್ಟು ಕಡಿಮೆ. ಕೊನೆಯ ಕಾಲಮ್ ರಿಮಾರ್ಕ್ಸ್. ಖಾಲಿ ಬಿಡಲೇ? ಮೊರಂ ಮತ್ತು ಹುಲ್ಲು, ಮ್ಯಾಟು ಮತ್ತು ಟರ್ಫು, ಎದೆಗೇರುವ ಚೆಂಡು ಮತ್ತು ಕಾಲಿಗೆ ಜಾರುವ ಚೆಂಡು. ಇವರಿಬ್ಬರನ್ನು ಯಾವ ತಕ್ಕಡಿಯಲ್ಲಿ ತೂಗಲಿ? ಟೆಂಡರುಗಳಲ್ಲಿ ಕರಾರು ಬೇರೆ ಬೇರೆ ಇದ್ದರೆ ಸಾಹೇಬರು ಬರೆಸುತ್ತಿದ್ದ ಎರಡು ಶಬ್ದ ನೆನಪಾಯಿತು. ಅವನ್ನೇ ಹೊಡೆದೆ: ನಾಟ್ ಕಂಪ್ಯಾರೆಬಲ್.

ಸಾಹೇಬರು ಓದಿ ಕನ್ನಡಕ ತೆಗೆದರು. "ಏನ್ರೀ ಇದು? ಯಾರು ಮೇಲು ಅಂತ ಕೇಳಿದ್ರೆ ರೀಟೆಂಡರ್ ಭಾಷೆ ಬರೆದಿದ್ದೀರಿ!"

"ಸರ್, ಕಂಡೀಶನ್ಸ್ ಒಂದೇ ಅಲ್ಲದಿದ್ದರೆ ನೀವೂ ಇದನ್ನೇ ಬರೆಸ್ತೀರಿ."

"ಇದನ್ನ ಮೇಲಕ್ಕೆ ಕಳಿಸಿದರೆ ಫೈಲು ವಾಪಸ್ ಬರುತ್ತೆ, ಗೊತ್ತಾ?"

"ವಾಪಸ್ ಬರೋ ತನಕ ಪೋಸ್ಟು ಯಾರಿಗೂ ಹೋಗೋದಿಲ್ಲ, ಸರ್."

ನನ್ನನ್ನೇ ನೋಡಿದರು. ಕೊನೆಗೆ ಸಹಿ ಹಾಕಿದರು.

ಫೈಲು ಹೋಯಿತು, "ಹೋಲಿಕೆಯ ಆಧಾರ ತಿಳಿಸಿ" ಎಂದು ವಾಪಸ್ ಬಂತು, ಮತ್ತೆ ಹೋಯಿತು. ಅಷ್ಟರಲ್ಲಿ ಸಾಹೇಬರಿಗೆ ವರ್ಗವಾಯಿತು. ಬಂದ ಹೊಸಬರು ಪುಟ ತಿರುವದೆ, "ಹುಡುಗ ನಮ್ಮ ಕಚೇರಿಯವನಾ? ಆಡ್ತಾನಾ? ಮತ್ತೆ ಇಷ್ಟು ದಿನ ಏನ್ ಮಾಡ್ತಿದ್ರಿ?" ಎಂದು ಶಿಫಾರಸು ಬರೆದುಬಿಟ್ಟರು. ಆವರೇಜು, ನಲವತ್ತೊಂದು, ನಾನು ನಿದ್ದೆಗೆಟ್ಟದ್ದು, ಯಾವುದನ್ನೂ ಅವರು ಕೇಳಲಿಲ್ಲ. ಮಾನಪ್ಪನ ಆರ್ಡರನ್ನು ನಾನೇ ಟೈಪ್ ಮಾಡಿದೆ, ಎರಡು ಸಲ ತಪ್ಪಿ ಮೂರನೆಯ ಹಾಳೆಗೆ ಸರಿ ಬಂತು. ಹುದ್ದೆ ಯಾದಗಿರಿ ಕಚೇರಿಯಲ್ಲಿ. ಖಾಜಾಸಾಬ್ ಪೇಡೆ ತಂದು ಮೊದಲು ನನ್ನ ಬಾಯಿಗೇ ಇಟ್ಟ. ಮಾನಪ್ಪ ಉಡದಾರದಿಂದ ಕೀಲಿ ಬಿಚ್ಚಿ ಸ್ಟೋರಿನಲ್ಲಿ ಜಮಾ ಮಾಡಿ ಬಸ್ ಹತ್ತಿದ.

ಹದಿನೈದು ದಿನ ಕಳೆದಿರಬೇಕು. ಕಚೇರಿಯ ಬಾಗಿಲಲ್ಲಿ ಒಬ್ಬ ಮುದುಕಿ, ಸೆರಗಿನ ತುಂಬ ಹಸಿ ಮೆಣಸಿನಕಾಯಿ.

"ಯವ್ವಾ, ಮಾನಪ್ಪ ಎಲ್ಲಿ ಹೋಗ್ಯಾನ? ಗೇಟಿನ್ಯಾಗ ಬ್ಯಾರೇದಾಂವ ಕುಂತಾನ."

ಖಾಯಂ ಆಗಿ ಯಾದಗಿರಿಗೆ ಹೋದ ಎಂದು ಹೇಳಿದೆ. ತಿಪ್ಪವ್ವ ಹಿಗ್ಗಿದಳು, ಅವನ ಹೊಟ್ಟೆ ತಣ್ಣಗಿರಲಿ ಎಂದಳು. ಮೆಣಸಿನಕಾಯಿಯನ್ನು ನನ್ನ ಟೈಪ್‌ರೈಟರಿನ ಪಕ್ಕ ಸುರಿದು, ಅವನು ಬಂದಾಗ ಕೊಡು ಎಂದಳು. ಹೊರಟವಳು ಹೊಸ್ತಿಲಲ್ಲಿ ನಿಂತಳು.

"ಹಂಗಾರ ಇನ್ನ ನಮ್ಮ ನೀರು ಯಾರು ಬಿಡ್ತಾರ?"

ನನ್ನ ಮಷೀನಿನಲ್ಲಿ ಆ ವಾರದ ನೋಟಿಸು ಅರ್ಧ ಟೈಪಾಗಿ ನಿಂತಿತ್ತು. ಅದರಲ್ಲಿ ಟೇಲಿನ ಪಾಳಿ, ಪ್ರತಿ ವಾರದ ಹಾಗೆ, ಶುಕ್ರವಾರ ಎಂದಿತ್ತು. ಶುಕ್ರವಾರ ಬರ್ತಾವ ಅವ್ವಾ, ಎಂದೆ. ಅವಳು ನನ್ನ ಮುಖವನ್ನು ನೋಡಿ, ಖಾಲಿ ಸೆರಗು ಕೊಡವಿ ಮೆಟ್ಟಿಲು ಇಳಿದಳು.